ಮಾತ್ರೆಯ ಸಿಟ್ಟು

ಕಳೆದ ವಾರ ಜಾಲಹಳ್ಳಿಯಲ್ಲಿ ಮೆಟ್ರೊ ಹತ್ತಿ ಕೂತಾಗ ಪಕ್ಕದ ಹೆಂಗಸಿನ ಮೈಯಿಂದ ನೋವಿನ ಮುಲಾಮಿನ ವಾಸನೆ ಬಂತು. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಮಡಿಲಲ್ಲಿ ಊಟದ ಡಬ್ಬಿ. ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ನೆಟ್ಟಗಾದಳು, ಮತ್ತೆ ಕುಸಿದು ಕೂತಳು. ನಾನು ಎದ್ದು ಬಾಗಿಲ ಬಳಿ ಹೋಗಿ ನಿಂತೆ. ವಾಸನೆ ಸಹಿಸಲಾರದೆ ಅಲ್ಲ. ಇನ್ನು ಸ್ವಲ್ಪ ಹೊತ್ತು ಅಲ್ಲೇ ಇದ್ದಿದ್ದರೆ ಆಕೆಯ ಕೈ ಹಿಡಿದು, ಎಲ್ಲಿ ನೋವು, ಯಾವಾಗಿನಿಂದ, ಮಲಗಿದರೆ ಜಾಸ್ತಿ ಆಗುತ್ತದಾ ಎಂದು ಪೊಲೀಸಿನವರ ಹಾಗೆ ಕೇಳಿಬಿಡುತ್ತಿದ್ದೆ. ಬೆನ್ನುನೋವು ಅನ್ನುವ ಬಹುತೇಕ ಜನಕ್ಕೆ ಅದು ಬರೀ ಬೆನ್ನುನೋವೇ ಎಂದು ನನಗೂ ಗೊತ್ತು. ಆದರೆ ಒಂದು ಇಡೀ ಬೇಸಿಗೆ ನನ್ನ ಬೆನ್ನಿಗೂ ಅದೇ ಮುಲಾಮು ತಿಕ್ಕಿದ್ದರು. ಚರ್ಮದ ಮೇಲೆ ಮುಲಾಮು, ಅದರ ಕೆಳಗೆ ಮೂಳೆಯನ್ನು ತಿನ್ನುತ್ತಿದ್ದ ಗಡ್ಡೆ.

ಆ ವರ್ಷದ ಮಳೆಗಾಲವನ್ನು ನೆನೆದರೆ ನನಗೆ ಇವತ್ತಿಗೂ ಮೊದಲು ಬರುವುದು ಸಿಟ್ಟು. ಅಳು ಆಮೇಲೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ವಾಲ್ವಿನ ಬಿಡಿಭಾಗಗಳನ್ನು ಅಳೆದು, ಸರಿಯಿದ್ದದ್ದನ್ನು ಕಳಿಸಿ, ಸರಿಯಿಲ್ಲದ್ದನ್ನು ವಾಪಸ್ಸು ಎಸೆಯುವ ಕೆಲಸ. ಗಂಡ ವೀರೇಶ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರ್. ಇಬ್ಬರದೂ ರಾಣೆಬೆನ್ನೂರಿನ ಕಡೆ. ಮದುವೆಯಾಗಿ ಬಂದಮೇಲೆ ಬೆಂಗಳೂರಿನ ಈ ಮೂಲೆಯೇ ನಮ್ಮ ಊರಾಗಿತ್ತು. ಮಗಳು ಚಂದನಾ ಧಾರವಾಡದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ನನಗೆ ಸ್ತನದ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೊ ಎಲ್ಲ ಮುಗಿದು, ವರ್ಷಗಟ್ಟಲೆ ಮಾತ್ರೆ ನುಂಗಿ, 'ಇನ್ನು ಮಾತ್ರೆ ಸಾಕು' ಎಂದು ಡಾಕ್ಟರು ಹೇಳಿದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದೆ. ಅಲ್ಲಿಗೆ ಅದು ಮುಗಿಯಿತು ಎಂದು ಎಲ್ಲರೂ ತೀರ್ಮಾನಿಸಿದರು. ಗಡ್ಡೆಯೊಂದನ್ನು ಬಿಟ್ಟು.

ಬೇಸಿಗೆಯ ಶುರುವಿನಲ್ಲಿ ಬೆನ್ನಿನ ನಡುಭಾಗದಲ್ಲಿ ನೋವು ಹುಟ್ಟಿತು. ಪಕ್ಕೆಲುಬಿನ ಸುತ್ತ ಯಾರೋ ಪಟ್ಟಿ ಕಟ್ಟಿ ಬಿಗಿದಂತೆ. ಸಾಮಾನ್ಯ ನೋವು ಮಲಗಿದರೆ ಇಳಿಯುತ್ತದೆ. ಇದು ಮಲಗಿದರೆ ಏರುತ್ತಿತ್ತು. ಮೂಳೆ ಡಾಕ್ಟರ ಬಳಿ ಹೋದೆ. ದಾಸರಹಳ್ಳಿ ಕಡೆಯ ಕ್ಲಿನಿಕ್ಕು, ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಟೋಕನ್. ಕೂತ ಕೂಡಲೇ ಹೇಳಿದೆ, "ಡಾಕ್ಟ್ರೇ, ನನಗೆ ಹಿಂದೆ ಕ್ಯಾನ್ಸರ್ ಆಗಿತ್ತು."

ಅವರು ತಲೆಯೆತ್ತಲಿಲ್ಲ. "ಅದು ಹಳೇ ಕಥೆ ಅಲ್ವಾ ಮೇಡಂ. ಎಲ್ಲಾದಕ್ಕೂ ಅದನ್ನೇ ತಂದು ಜೋಡಿಸ್ಬೇಡಿ. ಕೂತು ಮಾಡೋ ಕೆಲ್ಸ, ವಯಸ್ಸು, ಕ್ಯಾಲ್ಸಿಯಂ ಕಮ್ಮಿ. ಫಿಸಿಯೋಥೆರಪಿ ಬರ್ದಿದೀನಿ."

ಎರಡನೇ ಸಲ ಹೋದಾಗಲೂ ಹೇಳಿದೆ. ಮೂರನೇ ಸಲ ಹೋದಾಗ ಅವರು ವೀರೇಶನ ಕಡೆ ನೋಡಿ ನಕ್ಕು, "ಮೇಡಂಗೆ ಟೆನ್ಷನ್ ಜಾಸ್ತಿ ಸಾರ್, ಎಲ್ಲಾದ್ರೂ ಟ್ರಿಪ್ ಕರ್ಕೊಂಡ್ಹೋಗಿ" ಅಂದರು. ಆ ನಗುವಿಗೆ ವೀರೇಶನೂ ನಕ್ಕ. ಅದನ್ನು ನಾನು ನೋಡಿದೆ. ಕಾರ್ಖಾನೆಯಲ್ಲಿ ನಾನು ಒಂದು ಪೀಸನ್ನು 'ಸರಿಯಿಲ್ಲ' ಅಂದರೆ ಮಾಲೀಕರೂ ಎದುರಾಡುತ್ತಿರಲಿಲ್ಲ. ನನ್ನ ಬೆನ್ನು ಸರಿಯಿಲ್ಲ ಎಂದು ನಾನು ಹೇಳಿದರೆ ಟ್ರಿಪ್ಪಿಗೆ ಹೋಗಬೇಕಿತ್ತು.

ಜೂನ್ ಬಂತು, ಮಳೆ ಬಂತು. ಪೀಣ್ಯದ ರಸ್ತೆಗಳಲ್ಲಿ ಮಳೆ ಬಂದರೆ ಡಾಂಬರು ಎಲ್ಲಿದೆ, ಗುಂಡಿ ಎಲ್ಲಿದೆ ತಿಳಿಯುವುದಿಲ್ಲ. ಎಲ್ಲ ಒಂದೇ ಬಣ್ಣದ ನೀರು, ಅದರ ಮೇಲೆ ಎಣ್ಣೆಯ ಕಾಮನಬಿಲ್ಲು. ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ. ಆಟೊ ಒಂದೊಂದು ಗುಂಡಿಗೆ ಇಳಿದಾಗಲೂ ನನ್ನ ಬೆನ್ನೊಳಗೆ ಯಾರೋ ಉಳಿ ಇಟ್ಟು ಹೊಡೆದಂತಾಗುತ್ತಿತ್ತು. ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೂರುತ್ತಿದ್ದೆ. ಒಬ್ಬ ಆಟೊದವ ಕನ್ನಡಿಯಲ್ಲಿ ನೋಡಿ, "ಅಕ್ಕ, ತುಂಬ್ದ ಬಸ್ರೀನಾ? ನಿಧಾನಕ್ಕೆ ಓಡಿಸ್ಲಾ?" ಅಂತ ಕೇಳಿದ. ನನ್ನ ನೋವನ್ನು ನೋವೆಂದು ಮೊದಲು ನಂಬಿದವನು ಅವನೇ.

ಒಂದು ಮಧ್ಯಾಹ್ನ ಕಾರ್ಖಾನೆಯ ಮೆಟ್ಟಿಲಿಳಿಯುವಾಗ ಬಲಗಾಲು ನನ್ನ ಮಾತು ಕೇಳಲಿಲ್ಲ. ಇಟ್ಟೆ ಅಂದುಕೊಂಡೆ, ಅದು ಇಟ್ಟಿರಲಿಲ್ಲ. ಬಿದ್ದೆ. ಪ್ಯಾಕಿಂಗಿನ ಮಂಜುಳಾ ಓಡಿಬಂದು ಚಪ್ಪಲಿ ಹಾಕಲು ಪಾದ ಹಿಡಿದಳು. ಹಿಡಿದದ್ದು ನನಗೆ ಗೊತ್ತಾದದ್ದು ಕಣ್ಣಿನಿಂದ. ಪಾದಕ್ಕೆ ದಪ್ಪ ಕಾಲುಚೀಲ ಹಾಕಿದಂತಿತ್ತು, ಹಾಕಿರಲಿಲ್ಲ.

ಅವತ್ತೇ ಸ್ಕ್ಯಾನ್ ಆಯಿತು. ಸಂಜೆಯ ಹೊತ್ತಿಗೆ ಊರಿನ ಇನ್ನೊಂದು ತುದಿಯ ದೊಡ್ಡ ಆಸ್ಪತ್ರೆಯ ಹಾಸಿಗೆಯಲ್ಲಿದ್ದೆ. ವೀರೇಶ ಹೊರಗೆ ಡಾಕ್ಟರ ಹತ್ತಿರ ಮಾತಾಡಿ ಬಂದು ಹಾಸಿಗೆಯ ಪಕ್ಕ ನಿಂತ. ಮುಖ ನೋಡಿದ ಕೂಡಲೇ ಕೇಳಿದೆ, "ವಾಪಸ್ ಬಂದದ ಹೌದಲ್ಲ?"

"ಮೂಳೆಗೆ ಸ್ವಲ್ಪ ಬಂದದ ಅಂತ. ಕರೆಂಟ್ ಕೊಡ್ತಾರ. ಸುಟ್ಟು ಹೋಗ್ತದ. ನೀ ಏನೂ ತಲೆ ಕೆಡಿಸ್ಕೊಬ್ಯಾಡ."

ಕರೆಂಟ್ ಅಂದರೆ ರೇಡಿಯೇಶನ್. ಸ್ವಲ್ಪ ಅನ್ನುವ ಮಾತು ಅವನದು. ಬೆನ್ನಿನ ನಡುವಿನ ಒಂದು ಮೂಳೆ ಕುಸಿದಿತ್ತು. ಗಡ್ಡೆ ಅದನ್ನು ದಾಟಿ ಬೆನ್ನುಹುರಿಯನ್ನು ಒತ್ತುತ್ತಿತ್ತು. ಕಾಲು ಕೈಕೊಟ್ಟದ್ದು ಅದಕ್ಕೇ. ಬಾವು ಇಳಿಯಲೆಂದು ಸ್ಟೆರಾಯ್ಡ್ ಶುರು ಮಾಡಿದರು. ನನ್ನನ್ನು ನೇರ ಮಲಗಿಸಿ, ಹೊರಳುವುದಾದರೆ ನರ್ಸಿನವರು ಮರದ ದಿಮ್ಮಿಯ ಹಾಗೆ ಒಟ್ಟಿಗೆ ಹೊರಳಿಸಬೇಕು, ಏಳುವಂತಿಲ್ಲ ಎಂದರು. ಮೂತ್ರಕ್ಕೆ ನಳಿಕೆ ಹಾಕಿದರು.

ದಾವಣಗೆರೆಯಿಂದ ವೀರೇಶನ ಅಕ್ಕ ಗೌರಕ್ಕ ಬಂದಳು. ಒಳ್ಳೆಯ ಹೆಂಗಸು. ಬಂದವಳೇ ನನ್ನ ಹಣೆಗೆ ವಿಭೂತಿ ಹಚ್ಚಿ, ತಲೆ ಬಾಚಿ, ಬಿಸಿ ಗಂಜಿ ಕುಡಿಸಿದಳು. ನನಗೆ ಬೇಕಿದ್ದದ್ದು ಗಂಜಿಯಲ್ಲ, ಮಾತು. ಕರೆಂಟು ಯಾವಾಗ, ಎಷ್ಟು ದಿನ, ಕಾಲು ಬರುತ್ತದಾ, ಇಲ್ಲವಾ. ಕೇಳಿದರೆ ಗೌರಕ್ಕ, "ಎಲ್ಲಾ ಚಲೋ ಆಗ್ತತಿ, ನೀ ಶಿವಾ ಅನ್ನು" ಅನ್ನುತ್ತಿದ್ದಳು. ವೀರೇಶ ಫೋನ್ ಬಂತೆಂದು ಹೊರಗೆ ಹೋಗುತ್ತಿದ್ದ. ರೌಂಡ್ಸಿಗೆ ಬಂದ ಡಾಕ್ಟರುಗಳು ನನ್ನ ಕಾಲಿನ ಹೆಬ್ಬೆರಳನ್ನು ಅಲ್ಲಾಡಿಸಿ ನೋಡಿ, ಅವನನ್ನು ಹೊರಗೆ ಕರೆದು ಮಾತಾಡುತ್ತಿದ್ದರು. ಹೆಬ್ಬೆರಳು ನನ್ನದು, ಸುದ್ದಿ ಅವನಿಗೆ.

ನಾನು ರೇಗಿದೆ. ಲೋಟ ತಳ್ಳಿದೆ. ನನ್ನ ಹಾಸಿಗೆಯ ಸುತ್ತ ಪಿಸುಗುಟ್ಟುವುದನ್ನು ನಿಲ್ಲಿಸಿ ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಿದೆ. ಎಲ್ಲರೂ ಕರುಣೆಯಿಂದ ನೋಡಿದರು. ವೀರೇಶ ನರ್ಸಿಗೆ ಮೆಲ್ಲಗೆ ಹೇಳಿದ, "ಅದು ಮಾತ್ರೆ ಸಿಟ್ಟು ಸಿಸ್ಟರ್. ಸ್ಟೆರಾಯ್ಡಿಂದ ಹಂಗಾಗ್ತದಂತ."

ಸ್ಟೆರಾಯ್ಡಿನಿಂದ ಹಾಗಾಗುವುದು ನಿಜ. ಮುಖ ಊದುತ್ತದೆ, ಹಸಿವು ಕೆರಳುತ್ತದೆ, ಮನಸ್ಸು ಕುದಿಯುತ್ತದೆ. ಆದರೆ ಅವತ್ತಿನಿಂದ ನಾನು ಏನಂದರೂ ಅದು ನನ್ನ ಮಾತಾಗಿ ಉಳಿಯಲಿಲ್ಲ. ಗಂಜಿ ಬೇಡ ಅಂದರೆ ಮಾತ್ರೆ. ಡಾಕ್ಟರನ್ನು ಕರೆಯಿರಿ ಅಂದರೆ ಮಾತ್ರೆ. ಮಗಳಿಗೆ ಏನು ಹೇಳಿದ್ದೀರಿ ಅಂದರೆ ಮಾತ್ರೆ. ನಲವತ್ತು ದಾಟಿದ ಹೆಂಗಸಿನ ಸಿಟ್ಟಿಗೆ ಅಷ್ಟು ಸುಲಭದ ಹೆಸರೊಂದು ಸಿಕ್ಕಿದ್ದು ಎಲ್ಲರಿಗೂ ಎಷ್ಟು ನೆಮ್ಮದಿಯಾಗಿತ್ತೆಂದರೆ, ಅವರ ಮುಖದಲ್ಲೇ ಅದು ಕಾಣುತ್ತಿತ್ತು.

ಕರೆಂಟಿಗೆ ಮುಂಚಿನ ತಯಾರಿಯ ದಿನ ಬೆಳಿಗ್ಗೆ ಚಿಕ್ಕ ವಯಸ್ಸಿನ ಡಾಕ್ಟರೊಬ್ಬಳು ಬಂದಳು. ಹೊಸಬಳು. ವೀರೇಶ ಕ್ಯಾಂಟೀನಿಗೆ ಹೋಗಿದ್ದ. ಗೌರಕ್ಕ ಬಟ್ಟೆ ಹಿಂಡುತ್ತಿದ್ದಳು. ಡಾಕ್ಟರು ನನ್ನ ಕಾಲನ್ನು ಎತ್ತಿಸಿ ನೋಡಿದಳು. ಎಡಗಾಲು ಒಂದಿಷ್ಟು ಏರಿತು, ಬಲಗಾಲು ಹಾಸಿಗೆಯ ಮೇಲೇ ಜಾರಾಡಿತು.

"ನಿನ್ನೆಗಿಂತ ವೀಕ್ ಆಗಿದೆ ಮೇಡಂ" ಅಂದಳು. ಆಮೇಲೆ ಸಹಜವಾಗಿ, ಮಳೆ ಬಂತಾ ಎಂದು ಕೇಳುವಷ್ಟು ಸಹಜವಾಗಿ ಕೇಳಿದಳು, "ಸರ್ಜರಿ ಯಾಕೆ ಬೇಡ ಅಂದ್ರಿ?"

"ಯಾವ ಸರ್ಜರಿ?"

ಅವಳ ಕೈ ನನ್ನ ಮಂಡಿಯ ಮೇಲೇ ನಿಂತಿತು. "ಸ್ಪೈನ್ ಸರ್ಜನ್ ಹೇಳಿದ್ರಲ್ಲ. ಪ್ರೆಷರ್ ತೆಗ್ದು, ಸ್ಕ್ರೂ ರಾಡ್ ಹಾಕಿ, ಆಮೇಲೆ ರೇಡಿಯೇಶನ್ ಕೊಡೋದು ಅಂತ. ಪೇಷಂಟ್ ಒಪ್ಪಿಲ್ಲ ಅಂತ ನಿಮ್ಮ ಮನೆಯವರು ಸೈನ್ ಮಾಡಿದ್ದಾರೆ."

"ಪೇಷಂಟ್ ನಾನು."

"ಹೌದು ಮೇಡಂ."

"ನನ್ನನ್ನ ಯಾರೂ ಕೇಳಿಲ್ಲ."

ಅವಳು ಗೌರಕ್ಕನ ಕಡೆ ನೋಡಿದಳು. ಗೌರಕ್ಕ ಒದ್ದೆ ಬಟ್ಟೆ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದಳು. ಆಗ ನನಗೆ ಎಲ್ಲ ಅರ್ಥವಾಯಿತು. ಮೈಯಲ್ಲಿ ಸೊಂಟದ ಕೆಳಗೆ ಅರ್ಧ ಜೀವ ಹೋಗಿತ್ತು, ಮೇಲಿದ್ದ ಜೀವವೆಲ್ಲ ಒಂದೇ ಸಲ ಎದ್ದು ಕೂತಿತು.

ವೀರೇಶ ಟೀ ಹಿಡಿದುಕೊಂಡು ಬಂದ. ನಾನು ಕೂಗಲಿಲ್ಲ. ಕೂಗಿದರೆ ಮಾತ್ರೆ ಅನ್ನುತ್ತಾರೆ ಎಂದು ಗೊತ್ತಿತ್ತು.

"ಆಪರೇಷನ್ ಬ್ಯಾಡ ಅಂತ ಯಾಕ ಹೇಳಿದಿ?"

ಅವನು ಲೋಟವನ್ನು ಮೇಜಿನ ಮೇಲಿಟ್ಟ. "ದೊಡ್ಡ ಆಪರೇಷನ್ ಲೀಲಾ. ಟೇಬಲ್ ಮ್ಯಾಲ ಏನರ ಆಗಬಹುದು ಅಂದ್ರು. ಕಾಲು ಬಂದೇ ಬರ್ತದ ಅಂತ ಗ್ಯಾರಂಟಿ ಕೊಡ್ಲಿಲ್ಲ. ಮತ್ತ ಇದು... ಇದು ಪೂರಾ ವಾಸಿ ಆಗೋದಲ್ಲ ಅಂತಾರ. ಸುಮ್ಮನ ಯಾಕ ನಿನ್ನ ಕೊಯ್ಸೋದು ಅಂತ."

"ಕಾಲು ಹೋದ್ರ?"

"ನಾ ಇದ್ದೀನಲ್ಲ. ನಾ ನೋಡ್ಕೋತೀನಿ."

ಈ ಮಾತನ್ನು ಪ್ರೀತಿ ಅನ್ನುವವರು ಇದ್ದಾರೆ. ನಮ್ಮ ನೆಂಟರಲ್ಲಿ ಬಹಳ ಜನ ಅಂದರು. ಅವನೂ ಪ್ರೀತಿಯಿಂದಲೇ ಹೇಳಿದ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ನಾನು ಎಷ್ಟು ದಿನ ಬದುಕುತ್ತೇನೆ ಎಂದು ಅವನು ಮನಸ್ಸಿನಲ್ಲೇ ಅಳೆದು, ಅಷ್ಟು ದಿನಕ್ಕೆ ಕಾಲು ಬೇಕಿಲ್ಲ ಎಂದು ತೀರ್ಮಾನಿಸಿದ್ದ. ನನ್ನನ್ನು ಹೊರಗಿಟ್ಟು, ನನ್ನ ಕಾಲಿನ ಬಗ್ಗೆ.

"ನೀ ಶಾಂತ ಆಗು" ಅಂದ. "ಈ ಮಾತ್ರೆ..."

"ಇದು ಮಾತ್ರೆ ಸಿಟ್ಟಲ್ಲ ವೀರೇಶ. ಇದು ನಂದು. ಡಾಕ್ಟರನ್ನ ಕರಿ."

ಸರ್ಜನ್ ಮಧ್ಯಾಹ್ನ ಬಂದರು. ನೆರೆಗೂದಲಿನ, ಕಡಿಮೆ ಮಾತಿನ ಮನುಷ್ಯ. ವೀರೇಶನ ಕಡೆ ತಿರುಗಿ ಶುರುಮಾಡಿದಾಗ, "ಸಾರ್, ಈ ಕಡೆ. ನನಗೆ ಹೇಳಿ" ಅಂದೆ. ಅವರು ಕುರ್ಚಿ ಎಳೆದು, ನನ್ನ ಮುಖದ ಹತ್ತಿರ ಕೂತರು. ಇಡೀ ಆಸ್ಪತ್ರೆಯಲ್ಲಿ ನನ್ನ ಎತ್ತರಕ್ಕೆ ಇಳಿದು ಮಾತಾಡಿದ ಮೊದಲ ಮನುಷ್ಯ.

"ಕ್ಯಾನ್ಸರ್ ಈ ಆಪರೇಷನ್ನಿಂದ ಹೋಗಲ್ಲಮ್ಮ. ಅದು ತಿಳ್ಕೊಳಿ. ಅದಕ್ಕೆ ರೇಡಿಯೇಶನ್, ಮಾತ್ರೆ, ಇಂಜೆಕ್ಷನ್ ನಡೀತಾನೇ ಇರುತ್ತೆ. ಆಪರೇಷನ್ ಮಾಡೋದು ಹುರಿ ಮೇಲಿನ ಒತ್ತಡ ತೆಗೆಯೋಕೆ, ಮೂಳೆ ಇನ್ನೂ ಕುಸೀದೇ ಇರೋ ಹಾಗೆ ಕಟ್ಟೋಕೆ. ಕಾಲಲ್ಲಿ ಇನ್ನೂ ಸ್ವಲ್ಪ ಶಕ್ತಿ ಇದೆ. ಅದು ಪೂರ್ತಿ ಹೋದ ಮೇಲೆ ಮಾಡಿದ್ರೆ ವಾಪಸ್ ಬರೋದು ಕಷ್ಟ."

"ಕರೆಂಟ್ ಒಂದರಿಂದಲೇ ಆಗಲ್ವಾ?"

"ಕೆಲವರಿಗೆ ಆಗುತ್ತೆ. ನಿಮಗೆ ಮೂಳೆನೇ ಕುಸಿದಿದೆ. ಕುಸಿದ ಮೂಳೆನ ಕರೆಂಟ್ ಎತ್ತಿ ನಿಲ್ಸಲ್ಲ."

"ಟೇಬಲ್ ಮೇಲೆ ಸಾಯಬಹುದಾ?"

"ಸಾಧ್ಯತೆ ಕಮ್ಮಿ. ಇಲ್ಲ ಅಂತ ಹೇಳಲ್ಲ."

ಯಾರಾದರೂ ಇಷ್ಟು ಸ್ಪಷ್ಟವಾಗಿ ನನಗೆ ಹೇಳಿದ್ದಿದ್ದರೆ ಅಷ್ಟು ದಿನದ ಸಿಟ್ಟಿನಲ್ಲಿ ಅರ್ಧ ನನಗೆ ಬೇಕಾಗಿರುತ್ತಿರಲಿಲ್ಲ. "ಮಾಡಿ" ಅಂದೆ. ಮಲಗಿದಲ್ಲೇ ಸಹಿ ಹಾಕಿದೆ, ಅಕ್ಷರ ಸೊಟ್ಟಗಾದವು. ಆಮೇಲೆ ಫೋನ್ ತೆಗೆದುಕೊಂಡು ಚಂದನಾಗೆ ಮಾಡಿದೆ.

"ಡಿಸ್ಕ್ ಜರುಗ್ಯದ ಅಂತ ಅಪ್ಪ ಹೇಳಿದ್ರು" ಅಂದಳು.

"ಡಿಸ್ಕ್ ಅಲ್ಲ ಮಗಳ." ಎಲ್ಲವನ್ನೂ ಹೇಳಿದೆ. ಆಮೇಲೆ ಅವಳು, "ನಾ ಬಸ್ ಹತ್ತಲಾ?" ಅಂದಳು. "ಹತ್ತು" ಅಂದೆ. ಅವಳು ಬರಬಾರದು, ಓದು ಕೆಡುತ್ತದೆ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ನನಗೆ ಅವಳು ಬೇಕಿತ್ತು.

ಮಾರನೆಯ ದಿನ ಆಪರೇಷನ್ ಆಯಿತು. ಎಚ್ಚರವಾದಾಗ ಬೆನ್ನು ಬೆಂಕಿಯ ಕುಂಡವಾಗಿತ್ತು. ಯಾರೋ ನನ್ನ ಬಲಪಾದವನ್ನು ಮುಟ್ಟಿದರು. ತಣ್ಣಗಿನ ಬೆರಳುಗಳು. ಬಸ್ಸಿಳಿದು ನೇರ ಬಂದಿದ್ದ ಚಂದನಾಳ ಬೆರಳುಗಳು. ತಣ್ಣಗಿವೆ ಎಂದು ಗೊತ್ತಾಯಿತು. ಅಷ್ಟೇ ಸಾಕಿತ್ತು, ಆ ಮಳೆಗಾಲದಲ್ಲಿ ಮೊದಲ ಬಾರಿಗೆ ಅತ್ತೆ.

ಕಾಲು ಹೂವಿನ ಹಾಗೆ ಅರಳಿ ಬರಲಿಲ್ಲ. ಜಗಳವಾಡುತ್ತ ಬಂತು. ಫಿಸಿಯೋಥೆರಪಿಯ ನಸ್ರೀನ್ ಅನ್ನುವ ಹುಡುಗಿ ದಿನಾ ಬಂದು ನನ್ನನ್ನು ಹಾಸಿಗೆಯ ಅಂಚಿಗೆ ಕೂರಿಸಿ, ಎದೆಗೆ ಗಟ್ಟಿ ಬೆಲ್ಟು ಕಟ್ಟಿ, "ಏಳಿ" ಅನ್ನುತ್ತಿದ್ದಳು. ನಾನು ಬೈಯುತ್ತಿದ್ದೆ. ಅವಳನ್ನಲ್ಲ, ಆ ಮೂಳೆ ಡಾಕ್ಟರನ್ನು, ವೀರೇಶನನ್ನು, ಪೀಣ್ಯದ ಗುಂಡಿಗಳನ್ನು, ಶಿವನನ್ನು. ಒಂದು ದಿನ ಗೌರಕ್ಕ ನಾಚಿಕೆಯಿಂದ, "ತಪ್ಪು ತಿಳ್ಕೋಬ್ಯಾಡವ್ವಾ, ಮಾತ್ರೆ..." ಎಂದು ಶುರುಮಾಡಿದಳು. ನಸ್ರೀನ್ ಅವಳ ಮಾತನ್ನು ಅರ್ಧಕ್ಕೇ ತಡೆದಳು. "ಬೈಲಿ ಬಿಡಿ ಆಂಟಿ, ಏನಾಯ್ತೀಗ? ಮೇಡಂ, ಬೈಕೊಳಿ. ಬೈತಾನೇ ಎದ್ದೇಳಿ." ಎದ್ದೆ. ಮಂಡಿಗಳು ಎಳೆಗರುವಿನ ಮಂಡಿಗಳ ಹಾಗೆ ನಡುಗಿದವು, ಆದರೆ ನಿಂತವು.

ಗಾಯ ಮಾಗಿದ ಮೇಲೆ ಕರೆಂಟು ಶುರುವಾಯಿತು. ಮಳೆ ಇನ್ನೂ ಬಿಟ್ಟಿರಲಿಲ್ಲ. ದಿನಾ ಜಾಲಹಳ್ಳಿಯಿಂದ ಆಸ್ಪತ್ರೆಗೆ, ಅರ್ಧ ಊರನ್ನು ದಾಟಿ. ಚರ್ಮದ ಮೇಲೆ ಅವರು ಹಾಕಿದ ಗುರುತು ಅಳಿಸಬಾರದೆಂದು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳಬೇಕು. ಯಂತ್ರದ ಕೆಳಗೆ ಬೋರಲು ಮಲಗಿದರೆ ಎಲ್ಲರೂ ಹೊರಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಾರೆ, ಏನೋ ಗುಂಯ್ ಅನ್ನುತ್ತದೆ, ಏನೂ ಆಗದಂತೆ ಮುಗಿಯುತ್ತದೆ. ಆಮೇಲೆ ಗಂಟಲಿನಲ್ಲಿ ಅನ್ನ ಇಳಿಯದು, ಮೆಟ್ಟಿಲ ಮೇಲೇ ಮಲಗಿಬಿಡೋಣ ಅನ್ನುವಷ್ಟು ಸುಸ್ತು. ಮನೆಗೆ ಬರುವ ನೆಂಟರು ಪಾಸಿಟಿವ್ ಆಗಿರು ಅನ್ನುತ್ತಿದ್ದರು. ಒಬ್ಬರು ಈ ರೋಗಕ್ಕೆ ರಾಮಬಾಣವೆಂದು ನೋನಿ ಹಣ್ಣಿನ ರಸ ತಂದರು. ಇನ್ನೊಬ್ಬರು, ಮನಸ್ಸಿನಲ್ಲಿ ಸಿಟ್ಟು ಇಟ್ಟುಕೊಂಡರೇ ಈ ರೋಗ ಬರುವುದು ಎಂದರು. ಅವರನ್ನು ಮಾತ್ರ ನಾನು ಬಾಗಿಲವರೆಗೆ ವಾಕರ್ ತಳ್ಳಿಕೊಂಡು ಹೋಗಿ ಕಳಿಸಿಬಂದೆ.

ಚಳಿ ಶುರುವಾಗುವ ಹೊತ್ತಿಗೆ ಕೋಲು ಹಿಡಿದು ನಡೆಯುತ್ತಿದ್ದೆ. ಒಂದು ದಿನ ಚಂದನಾಳನ್ನು ಕರೆದುಕೊಂಡು ದಾಸರಹಳ್ಳಿಯ ಆ ಕ್ಲಿನಿಕ್ಕಿಗೆ ಹೋದೆ. ಟೋಕನ್ ತೆಗೆದುಕೊಂಡು ಎಲ್ಲರಂತೆ ಕಾದೆ. ಡಾಕ್ಟರು ನನ್ನನ್ನು ಗುರುತು ಹಿಡಿಯಲಿಲ್ಲ. ನಾನು ಯಾರು, ನನಗೆ ಏನಾಯಿತು ಎಂದು ಹೇಳಿದ ಮೇಲೆ ಕುರ್ಚಿ ತೋರಿಸಿದರು. ಕೂರಲಿಲ್ಲ.

"ನೋಡಿ ಮೇಡಂ, ಬೆನ್ನುನೋವು ಅಂತ ಬಂದೋರಿಗೆಲ್ಲ ಎಮ್ಮಾರೈ ಮಾಡ್ಸೋಕಾಗುತ್ತಾ?"

"ಎಲ್ರಿಗೂ ಬೇಡ. ಕ್ಯಾನ್ಸರ್ ಆಗಿತ್ತು ಅಂತ ಮೂರು ಸಲ ಹೇಳಿದವಳಿಗೆ."

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಸಾರಿ" ಅಂದರೋ, "ಸರಿ" ಅಂದರೋ ನನಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಕೇಳುವ ಗೋಜಿಗೆ ಹೋಗಲಿಲ್ಲ. "ಮುಂದಿನವಳು ಹೇಳಿದಾಗ ತಲೆ ಎತ್ತಿ ನೋಡಿ" ಎಂದು ಬಂದುಬಿಟ್ಟೆ. ಹೊರಗೆ ಬೆಂಚಿನ ಮೇಲೆ ಹೆಂಗಸರು ಸೊಂಟ ಹಿಡಿದುಕೊಂಡು ಸಾಲಾಗಿ ಕೂತಿದ್ದರು. ನನ್ನ ಸಿಟ್ಟು ತಣ್ಣಗಾಗಲಿಲ್ಲ, ಆದರೆ ಅದು ತಲುಪಬೇಕಾದ ವಿಳಾಸಕ್ಕೆ ತಲುಪಿತ್ತು.

ವೀರೇಶನ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಅವನು ನನ್ನನ್ನು ಚೆನ್ನಾಗಿ ನೋಡಿಕೊಂಡ. ಸ್ನಾನಕ್ಕೆ ಕೂರಿಸಿದ, ಉಗುರು ಕತ್ತರಿಸಿದ, ಕಾರನ್ನು ಪ್ರತಿ ಹಂಪಿನ ಮುಂದೆ ನಿಲ್ಲಿಸಿ ಮೆಲ್ಲಗೆ ಏರಿಸಿದ, ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ. ಅಷ್ಟು ಚೆನ್ನಾಗಿ ನೋಡಿಕೊಳ್ಳುವವನ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟ ಅನ್ನುವುದಕ್ಕೂ ನನಗೆ ಸಿಟ್ಟು ಬರುತ್ತಿತ್ತು. ಕೊನೆಗೊಂದು ಭಾನುವಾರ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ, ನನ್ನ ಕಡೆ ನೋಡದೆ, ಅವನೇ ಹೇಳಿದ.

"ಆ ದಿನ ಡಾಕ್ಟರ್ ಹೇಳಿದ ಕೂಡಲೇ, ನೀ ಹೋದಿ ಅಂತ ನಾ ಒಪ್ಕೊಂಡ್ಬಿಟ್ಟಿದ್ದೆ ಲೀಲಾ. ಆಮ್ಯಾಲ ಮಾಡಿದ್ದೆಲ್ಲ, ಹೋದಾಕಿ ಸಲುವಾಗಿ ಮಾಡಿದ್ದು."

ಅದಕ್ಕಿಂತ ಕೆಟ್ಟ ಮಾತನ್ನು ಯಾರೂ ನನಗೆ ಹೇಳಿಲ್ಲ. ಅದಕ್ಕಿಂತ ನಿಜವಾದದ್ದನ್ನೂ. ನಾನು ಕ್ಷಮಿಸಿದೆ ಎಂದು ಹೇಳಲಿಲ್ಲ. ಕ್ಲಿಪ್ಪುಗಳನ್ನು ಒಂದೊಂದಾಗಿ ಅವನ ಕೈಗೆ ಕೊಟ್ಟೆ. ಬಟ್ಟೆ ಮುಗಿಯುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದೆವು.

ಅದಾಗಿ ಈಗ ಕೆಲವು ವರ್ಷಗಳಾದವು. ಅರ್ಧ ದಿನ ಕೆಲಸಕ್ಕೆ ಹೋಗುತ್ತೇನೆ. ದಿನಾ ಮಾತ್ರೆ, ತಿಂಗಳಿಗೊಮ್ಮೆ ಮೂಳೆ ಗಟ್ಟಿಯಾಗಲು ಇಂಜೆಕ್ಷನ್, ಆಗಾಗ ಸ್ಕ್ಯಾನ್. ಬೇಡದ ಅತಿಥಿಯ ಜೊತೆ ಒಂದೇ ಮನೆಯಲ್ಲಿ ಇದ್ದಂತೆ ಇದ್ದೇನೆ. ಕಳೆದ ವಾರ ಆ ಮೆಟ್ರೊದಲ್ಲಿ ಹೋಗುತ್ತಿದ್ದದ್ದೂ ಸ್ಕ್ಯಾನಿನ ಫಲಿತಾಂಶ ಕೇಳುವುದಕ್ಕೆ. ವೀರೇಶ ಕಾರ್ಖಾನೆಯಿಂದ ನೇರ ಆಸ್ಪತ್ರೆಗೆ ಬಂದಿದ್ದ. ನನ್ನ ಹೆಸರು ಕೂಗಿದಾಗ ಅವನೂ ಎದ್ದ. ನಾನು ಬೇಡವೆಂದು ಕೈ ಮಾಡಿದೆ, ಅವನು ಕೂತ.

ಒಳಗೆ ಹೊಸ ಡಾಕ್ಟರು. ಪರದೆಯನ್ನು ನೋಡುತ್ತ, "ಜೊತೆಗೆ ಯಾರಾದ್ರೂ ಬಂದಿದ್ದಾರಾ ಮೇಡಂ? ಕರೀರಿ" ಅಂದರು. ಆ ಮಾತಿನ ಅರ್ಥ ನನಗೆ ಗೊತ್ತು.

"ನಾನು ಬಂದಿದೀನಲ್ಲ. ಹೇಳಿ."

ಸೊಂಟದ ಮೂಳೆಯಲ್ಲಿ ಹೊಸದೊಂದು ಚುಕ್ಕೆ ಕಂಡಿದೆ. ಚಿಕ್ಕದು, ಬೆನ್ನುಹುರಿಯಿಂದ ದೂರ. ಕಾಲಿಗೆ ಈಗ ಅಪಾಯವಿಲ್ಲ. ಒಂದಿಷ್ಟು ಕರೆಂಟು, ಮಾತ್ರೆಯ ಬದಲಾವಣೆ. ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ, ಅವರು ಎಲ್ಲವನ್ನೂ ಹೇಳಿದರು.

ಹೊರಗೆ ಬಂದಾಗ ವೀರೇಶ ಎದ್ದು ನಿಂತ. ಮುಖ ಸುಣ್ಣವಾಗಿತ್ತು. "ಏನಂದ್ರು?"

ನಾನು ಆಗಲೇ ಹೇಳಲಿಲ್ಲ. ಈ ಭೂಮಿಯ ಮೇಲೆ ಆ ಕ್ಷಣದಲ್ಲಿ ನನ್ನ ಮೈಯ ಸುದ್ದಿ ಡಾಕ್ಟರನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ಸ್ವಲ್ಪ ಹೊತ್ತು ಅದು ನನ್ನದೇ ಆಗಿರಲಿ ಅನ್ನಿಸಿತು. "ಕ್ಯಾಂಟೀನಿಗೆ ಬಾ, ಹೇಳ್ತೀನಿ" ಅಂದೆ.

ಲಿಫ್ಟಿನ ಮುಂದೆ ಉದ್ದ ಸಾಲಿತ್ತು. ನಾನು ಮೆಟ್ಟಿಲಿನ ಕಡೆ ತಿರುಗಿದೆ. ಅವನು ತೋಳು ಚಾಚಿದ, ನಾನು ಕಂಬಿ ಹಿಡಿದುಕೊಂಡೆ. ಬಲಗಾಲನ್ನು ಮೊದಲು ಇಳಿಸಿದೆ, ಅದು ನೆಲ ಮುಟ್ಟಿದ್ದು ಖಾತ್ರಿಯಾದ ಮೇಲೆ ಎಡಗಾಲು. ಅವನು ಒಂದು ಮೆಟ್ಟಿಲು ಹಿಂದೆ, ಏನೂ ಕೇಳದೆ, ನನ್ನ ವೇಗಕ್ಕೆ ಇಳಿದು ಬಂದ.